17ನೇ ವಿಧಿ ಬಾಯಿಪಾಠ, ಕೋಣೆಗೆ ಮಾತ್ರ ‘ನಮ್ಮವರೇ’ ಬೇಕು: ಓದು ಮಾಡುತ್ತಿರುವುದೇನು?

ಸಪ್ತಾಪುರದ ಬಾಡಿಗೆದಾರ

ಧಾರವಾಡದ ಸಪ್ತಾಪುರದಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಎಂದು ಹತ್ತಾರು ಜಿಲ್ಲೆಗಳಿಂದ ಬಂದವರು ಈ ಗಲ್ಲಿಗಳಲ್ಲಿ ಕೋಣೆ ಹಿಡಿದು, ಮೆಸ್ಸಿನಲ್ಲಿ ಉಂಡು, ಲೈಬ್ರರಿಯಲ್ಲಿ ಕುಳಿತು ಓದುವುದು ಇಲ್ಲಿಯವರಿಗೆಲ್ಲ ಗೊತ್ತು. ಎಲ್ಲರ ಕೈಯಲ್ಲೂ ಸಂವಿಧಾನದ ನೋಟ್ಸ್. 14ರಿಂದ 18ನೇ ವಿಧಿಯವರೆಗೆ ಸಮಾನತೆಯ ಹಕ್ಕು, ಅದರಲ್ಲಿ 17 ಅಸ್ಪೃಶ್ಯತೆಯ ನಿಷೇಧ. ನಡುರಾತ್ರಿ ಎಬ್ಬಿಸಿ ಕೇಳಿದರೂ ತಡವರಿಸುವುದಿಲ್ಲ.

ಅದೇ ಜನ, ಕೋಣೆಗೆ ಇನ್ನೊಬ್ಬ ಜೊತೆಗಾರ ಬೇಕಾದಾಗ ಮೊದಲು ಕೇಳುವುದು ‘ನೀವು ಯಾವ ಪೈಕಿ?’ ಎಂದು. ನೇರವಾಗಿ ಕೇಳಲು ಸಂಕೋಚವಾದರೆ ಅಡ್ಡಹೆಸರು ಕೇಳುತ್ತಾರೆ. ಅದರಲ್ಲೂ ತಿಳಿಯದಿದ್ದರೆ ಊರಿನಲ್ಲಿ ಮನೆ ಯಾವ ಓಣಿಯಲ್ಲಿದೆ ಎಂದು ವಿಚಾರಿಸುತ್ತಾರೆ. ಮನೆ ಮಾಲೀಕರಿಗೆ ಇಷ್ಟೂ ಕಷ್ಟವಿಲ್ಲ, ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಹಾಕಿದರೆ ಆಯಿತು.

ನಾಳೆ ತಹಶೀಲ್ದಾರರು, ಪೊಲೀಸ್ ಅಧಿಕಾರಿಗಳು, ಮಾಸ್ತರರು ಆಗುವವರು ಇವರೇ. ಓದು ಪೂರ್ವಗ್ರಹವನ್ನು ನಿಜವಾಗಿ ಅಲುಗಾಡಿಸುತ್ತದೆಯೋ, ಇಲ್ಲ ಅದನ್ನೇ ನಾಜೂಕಾಗಿ ಹೇಳುವುದನ್ನು ಕಲಿಸುತ್ತದೆಯೋ? ಅನುಭವ ಇದ್ದವರು ಹೇಳಿ. ಉಪದೇಶ ಬೇಡ.

ಬ್ಯಾಡಗಿ ಖಾರ

ಪರೀಕ್ಷೆಯಲ್ಲಿ 17ನೇ ವಿಧಿಗೆ ಅಂಕ ಇದೆ, ಕೋಣೆಯಲ್ಲಿ ಇಲ್ಲ. ಮುಗಿಯಿತು.

ಮೇಲ್ಮಹಡಿ ಬಾಡಿಗೆಗೆ ಇದೆ

ಎಲ್ಲದಕ್ಕೂ ಪೂರ್ವಗ್ರಹ ಎಂದು ಹಣೆಪಟ್ಟಿ ಹಚ್ಚುವುದು ಈಗ ಚಾಳಿಯಾಗಿದೆ. ನಾನು ಮನೆ ಮಾಲೀಕ. ಬಾಡಿಗೆ ಕೋಣೆ ನಮ್ಮ ಅಡುಗೆಮನೆಗೆ ಅಂಟಿಕೊಂಡಿದೆ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಮಾಂಸದ ವಾಸನೆ ಅವರಿಗೆ ಆಗುವುದಿಲ್ಲ. ಇನ್ನೊಂದು ಮಾತು. ಗುರುತಿನವರ ಹುಡುಗನಾದರೆ ಬಾಡಿಗೆ ಮುಳುಗುವುದಿಲ್ಲ, ಊರಿನಲ್ಲಿ ಯಾರನ್ನು ಕೇಳಬೇಕು ಎಂದು ಗೊತ್ತಿರುತ್ತದೆ. ಎರಡು ತಿಂಗಳ ಬಾಡಿಗೆ ಉಳಿಸಿ ರಾತ್ರೋರಾತ್ರಿ ಗಂಟು ಕಟ್ಟಿದವರನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ.

ಸಪ್ತಾಪುರದ ಬಾಡಿಗೆದಾರ

ಯಜಮಾನರೇ, ಮೊಟ್ಟೆಯನ್ನೂ ಮುಟ್ಟದ, ಮೂರು ತಿಂಗಳ ಬಾಡಿಗೆ ಮುಂಗಡ ಕೊಡುವ ದಲಿತ ಹುಡುಗ ಬಂದರೆ ಕೋಣೆ ಕೊಡುತ್ತೀರಾ? ಹೌದು ಅಥವಾ ಇಲ್ಲ.

ಮೇಲ್ಮಹಡಿ ಬಾಡಿಗೆಗೆ ಇದೆ

ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಎದುರು ಮನೆಯವರು, ಪಕ್ಕದ ಮನೆಯವರು ಏನೆನ್ನುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ.

ಬ್ಯಾಡಗಿ ಖಾರ

ಉತ್ತರ ಸಿಕ್ಕಿತು. ವಾಸನೆ ಅಡುಗೆಮನೆಯದಲ್ಲ.

ಕರಿ ಕೋಟು

ಕಾನೂನಿನ ಸ್ಥಿತಿ ಹೇಳಿಬಿಡುತ್ತೇನೆ. 15(2)ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಇವುಗಳನ್ನು ಹೆಸರಿಸುತ್ತದೆ. ಖಾಸಗಿ ಮನೆಯ ಬಾಡಿಗೆ ಆ ಪಟ್ಟಿಯಲ್ಲಿ ಇಲ್ಲ. 2005ರಲ್ಲಿ ಗುಜರಾತಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೇ ಸೀಮಿತಗೊಳಿಸುವ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಹಾಗಾಗಿ ‘ಕೇಸು ಹಾಕುತ್ತೇನೆ’ ಎಂದು ಹೊರಡುವವರು ಸ್ವಲ್ಪ ತಡೆಯಿರಿ.

ನಿವೃತ್ತ ಮಾಸ್ತರ

‘ನನಗೇನೂ ಇಲ್ಲ, ಎದುರು ಮನೆಯವರು ಏನೆನ್ನುತ್ತಾರೋ’ ಎಂಬ ಮಾತು ಓದಿ ನಗು ಬಂದಿತು. ಈ ಉತ್ತರಕ್ಕೆ ಧಾರವಾಡದಲ್ಲಿ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇದ್ದವರು ಓದಿ.

1856ರಲ್ಲಿ, ಆಗ ಅಸ್ಪೃಶ್ಯರೆನಿಸಿದ್ದ ಮಹಾರ ಸಮುದಾಯದ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಎಲ್ಲರಂತೆ ಫೀ ಕೊಡಲು ಸಿದ್ಧನಿದ್ದರೂ ಸೇರಿಸಿಕೊಳ್ಳಲಿಲ್ಲ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಆ ವರ್ಷದ ಜೂನ್‌ನಲ್ಲಿ ಹುಡುಗ ನೇರವಾಗಿ ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ಸರ್ಕಾರದ ಉತ್ತರ ಕೇಳಿ: ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಏಕಾಏಕಿ ಕೈ ಹಾಕಿದರೆ ಒಟ್ಟು ಶಿಕ್ಷಣಕ್ಕೇ ಧಕ್ಕೆಯಾದೀತು ಎಂದು ಪ್ರವೇಶ ಕೊಡಿಸಲಿಲ್ಲ. ಬರೆದವರು ಅನಕ್ಷರಸ್ಥರಲ್ಲ, ಆ ಕಾಲದಲ್ಲಿ ಅತ್ಯಂತ ಹೆಚ್ಚು ಓದಿದವರು. ತಮಗೆ ಏನೂ ಇಲ್ಲ, ಉಳಿದ ಮಕ್ಕಳ ತಂದೆತಾಯಿ ಏನೆನ್ನುತ್ತಾರೋ ಎಂಬ ಚಿಂತೆಯಷ್ಟೇ ಅವರದು!

ವಿಷಯ ಕಲ್ಕತ್ತೆಗೂ ಲಂಡನ್ನಿಗೂ ಹೋಯಿತು. ಮೇಲಿನವರು ಮುಂಬಯಿಯ ನಿಲುವನ್ನು ಒಪ್ಪಲಿಲ್ಲ. 1858ರಲ್ಲಿ ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿವೆ ಎಂದು ಮುಂಬಯಿ ಸರ್ಕಾರ ಪ್ರಕಟಿಸಬೇಕಾಯಿತು. ಆ ಹುಡುಗನ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಪ್ರಶ್ನಿಸುವುದನ್ನು ಶಾಲೆಯೇ ಕಲಿಸಬೇಕು ಎಂದೇನಿಲ್ಲ ನೋಡಿ. ಇವನು ಶಾಲೆಯ ಒಳಗೆ ಕಾಲಿಡುವ ಮೊದಲೇ ಶಾಲೆಯನ್ನು ಪ್ರಶ್ನಿಸಿದ.

ಕೆಸಿಡಿ ಹಳೆಯ ವಿದ್ಯಾರ್ಥಿ

ಮಾಸ್ತರರೇ, ಒಂದು ತಿದ್ದುಪಡಿ. 1858ರ ಆದೇಶ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಊರಿನವರ ವಂತಿಗೆ ಸೇರಿದ್ದ ಶಾಲೆಗಳಲ್ಲಿ, ವಂತಿಗೆ ಕೊಟ್ಟವರು ಒಪ್ಪದಿದ್ದರೆ ಕೆಳಜಾತಿಯ ಮಕ್ಕಳನ್ನು ಸೇರಿಸುವ ಉದ್ದೇಶ ತನಗಿಲ್ಲ ಎಂದು ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಅಂಥ ಶಾಲೆಗೆ ಅನುದಾನ ನಿರಾಕರಿಸುವ ಹಕ್ಕನ್ನಷ್ಟೇ ಇಟ್ಟುಕೊಂಡಿತು. ಬಾಗಿಲು ತೆರೆಯಿತು ಅನ್ನುವುದಕ್ಕಿಂತ ಒಂದು ಕದ ತೆರೆಯಿತು ಎನ್ನಬಹುದು. ಅಂಬೇಡ್ಕರ್ ಈ ಪ್ರಕರಣವನ್ನು ತಮ್ಮ ಬರಹದಲ್ಲಿ ವಿವರವಾಗಿ ಎತ್ತಿಕೊಂಡಿದ್ದಾರೆ.

ನಿವೃತ್ತ ಮಾಸ್ತರ

ಸರಿ. ಆ ಷರತ್ತನ್ನು ಸೇರಿಸಿ ಓದಿಕೊಳ್ಳಿ, ಅದರಿಂದ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಹಣ ಕೊಟ್ಟವನ ಪೂರ್ವಗ್ರಹಕ್ಕೆ ಶಾಲೆಯಲ್ಲಿ ಕುರ್ಚಿ ಹಾಕಿಕೊಟ್ಟ ಹಾಗಾಯಿತು.

ಉಣಕಲ್ ಕೆರೆ ದಂಡೆ

1856ರ ಕತೆ ಈಗ ಯಾಕೆ? ಕಾಲ ಬದಲಾಗಿದೆ. ಇವತ್ತು ಜಾತಿಯನ್ನು ಜೀವಂತ ಇಟ್ಟಿರುವುದೇ ಮೀಸಲಾತಿ. ಅರ್ಜಿಯಲ್ಲಿ ಜಾತಿ ಕಾಲಂ ತೆಗೆಯಿರಿ, ಹತ್ತು ವರ್ಷದಲ್ಲಿ ಎಲ್ಲರೂ ಮರೆಯುತ್ತಾರೆ.

ಸಪ್ತಾಪುರದ ಬಾಡಿಗೆದಾರ

1856ರಲ್ಲಿ ಯಾವ ಮೀಸಲಾತಿ ಇತ್ತು ಅಣ್ಣಾ?

ಉಣಕಲ್ ಕೆರೆ ದಂಡೆ

ಅದು ಬೇರೆ, ಇದು ಬೇರೆ.

ಬ್ಯಾಡಗಿ ಖಾರ

ಅರ್ಜಿಯ ಕಾಲಂ ತೆಗೆಯೋಣ. ಮದುವೆ ಜಾಹೀರಾತಿನ ಕಾಲಂ ಮೊದಲು ತೆಗೆಯುವಿರಾ?

ಹಾಜರಿ ಪುಸ್ತಕ

ಕಾಲಂ ತೆಗೆದರೂ ನಮ್ಮ ಕಡೆ ಅಡ್ಡಹೆಸರು ಉಳಿಯುತ್ತದೆ. ಬಡಿಗೇರ, ಕಂಬಾರ, ಹೂಗಾರ, ತಳವಾರ, ಹರಿಜನ. ದಾಖಲಾತಿ ರಿಜಿಸ್ಟರಿನಲ್ಲಿ ಹೀಗೇ ಬರೆಸಿರುತ್ತಾರೆ. ನಾನು ಕಲಿತ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಕರೆಯುವಾಗ ಕೆಲವರನ್ನು ಹೆಸರಿನಿಂದ, ಕೆಲವರನ್ನು ಅಡ್ಡಹೆಸರಿನಿಂದ ಕೂಗುತ್ತಿದ್ದರು. ಯಾರನ್ನು ಹೇಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಮಾನತೆಯ ಪಾಠ ಮಧ್ಯಾಹ್ನದ ಅವಧಿಯಲ್ಲಿ ಇರುತ್ತಿತ್ತು, ಹಾಜರಿ ಬೆಳಿಗ್ಗೆಯೇ ಮುಗಿದಿರುತ್ತಿತ್ತು. ಈಗ ನಾನೇ ಮಾಸ್ತರನಾಗಿದ್ದೇನೆ, ಎಲ್ಲ ಮಕ್ಕಳನ್ನೂ ಬರೀ ಹೆಸರಿನಿಂದ ಕರೆಯುತ್ತೇನೆ. ಒಂದೇ ಹೆಸರಿನ ಇಬ್ಬರಿದ್ದರೆ ತಂದೆಯ ಹೆಸರಿನ ಮೊದಲ ಅಕ್ಷರ ಸಾಕು. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ಚಿಗರಿ ಪ್ರಯಾಣಿಕ

ಹೊತ್ತಲ್ಲದ ಹೊತ್ತಿನಲ್ಲಿ ಒಂದು ಪ್ರಶ್ನೆ: ಸಪ್ತಾಪುರದಲ್ಲಿ ಈಗ ಇಬ್ಬರ ಕೋಣೆಗೆ ಬಾಡಿಗೆ ಎಷ್ಟು ನಡೆಯುತ್ತಿದೆ? ತಮ್ಮ ಬರುವವನಿದ್ದಾನೆ. ಹುಬ್ಬಳ್ಳಿಯಲ್ಲೇ ಇದ್ದು ಚಿಗರಿ ಬಸ್ಸಿನಲ್ಲಿ ಓಡಾಡುವುದು ಅಗ್ಗವೇ?

ಬ್ಯಾಡಗಿ ಖಾರ

ಮೊದಲು ಅಡ್ಡಹೆಸರು ಹೇಳಿ, ಬಾಡಿಗೆ ಆಮೇಲೆ.

ವರದಾ ತೀರದ ಟೀಚರ್

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಲ್ಲಿಯವರೆಗಿನ ಮಾತುಗಳಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ‘ಮಕ್ಕಳಿಗೆ ಪ್ರಶ್ನಿಸಲು ಕಲಿಸಿ’ ಎಂದು ತರಬೇತಿಗಳಲ್ಲಿ ಹೇಳಿ ಕಳಿಸುತ್ತಾರೆ. ಪ್ರಶ್ನೆ ಕೇಳಿದ ಮಗು ಸಂಜೆ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಯಾವ ತರಬೇತಿಯಲ್ಲೂ ಬರುವುದಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ಕೇಳಿದಳು: ‘ಟೀಚರ್, ಮುಟ್ಟಾದಾಗ ನಮ್ಮನ್ನು ಹೊರಗೆ ಕೂರಿಸಿ, ತಟ್ಟೆ ಲೋಟ ಬೇರೆ ಇಡುತ್ತಾರಲ್ಲ, ಅದು 17ನೇ ವಿಧಿಗೆ ಬರುವುದಿಲ್ಲವೇ?’ ಹುಡುಗರು ತಲೆ ತಗ್ಗಿಸಿದರು. ಕೆಲವರು ಕಿಸಕ್ಕೆಂದರು. ಒಳ್ಳೆಯ ಪ್ರಶ್ನೆ ಎಂದು ಹೇಳಿ, ತಿಳಿದಷ್ಟು ವಿವರಿಸಿದೆ. ಅವಳು ಅದನ್ನೇ ಮನೆಯಲ್ಲಿ ಅಜ್ಜಿಯ ಮುಂದೆ ಕೇಳಿದಳು. ಮರುದಿನ ತಂದೆ ಇಬ್ಬರು ಹಿರಿಯರೊಂದಿಗೆ ಶಾಲೆಗೆ ಬಂದು, ‘ಹುಡುಗಿಯ ತಲೆ ಕೆಡಿಸಬೇಡಿ, ಹತ್ತನೆಯ ತರಗತಿ ಪಾಸು ಮಾಡಿಸಿದರೆ ಸಾಕು’ ಎಂದರು. ಹುಡುಗಿ ಕೆಲವು ದಿನ ಶಾಲೆಗೇ ಬರಲಿಲ್ಲ. ಬಂದ ಮೇಲೆ ತರಗತಿಯಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದಳು.

ನನಗೆ ಸಂಬಳ ಬಂದೇ ಬರುತ್ತದೆ, ಏಟು ಬಿದ್ದದ್ದು ಅವಳಿಗೆ. ಸಮಾಜವನ್ನು ಪ್ರಶ್ನಿಸಿ ಎಂದು ಕರೆ ಕೊಡುವ ದೊಡ್ಡವರು ಇದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರಿ ಕೋಟು

ಟೀಚರ್, ಆ ಹುಡುಗಿಗೆ ಒಂದು ಸಂಗತಿ ಮುಟ್ಟಿಸಿ. ಅವಳು ಕೇಳಿದ್ದನ್ನೇ 2018ರಲ್ಲಿ ಶಬರಿಮಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂತು ಯೋಚಿಸಿತು. ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ಹೊರಗಿಡುವುದೂ ಅಸ್ಪೃಶ್ಯತೆಯ ಒಂದು ರೂಪ, 17ನೇ ವಿಧಿ ಅದಕ್ಕೂ ಅನ್ವಯಿಸುತ್ತದೆ ಎಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದರು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಆ ವಾದವನ್ನು ಒಪ್ಪಲಿಲ್ಲ. 17ನೇ ವಿಧಿಯ ಉದ್ದೇಶ ಜಾತಿ ಆಧಾರಿತ ಅಸ್ಪೃಶ್ಯತೆ ಎಂಬುದು ಅವರ ನಿಲುವು. ಐವರ ಪೀಠದಲ್ಲೇ ಒಮ್ಮತ ಮೂಡದ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯವಳು ತಾನಾಗಿಯೇ ಕೇಳಿದ್ದಾಳೆ.

ಮೂರು ಮಕ್ಕಳ ತಂದೆ

ಟೀಚರ್ ಹೇಳಿದ್ದು ಸರಿ, ಆದರೆ ಆ ತಂದೆಯದೂ ಪೂರ್ತಿ ತಪ್ಪು ಎನ್ನಲಾರೆ. ನಾವು ಮಕ್ಕಳನ್ನು ಶಾಲೆಗೆ ಕಳಿಸುವುದು ಓದಿ ನೌಕರಿ ಹಿಡಿಯಲಿ ಎಂದು. ಮನೆಯ ಹಿರಿಯರನ್ನು ಎದುರು ಹಾಕಿಕೊಳ್ಳಲಿ ಎಂದಲ್ಲ. ಊರಿನಲ್ಲಿ ನಾಳೆ ಹುಡುಗಿಗೆ ಸಂಬಂಧ ನೋಡಬೇಕು. ‘ಆ ಹುಡುಗಿ ಬಹಳ ಮಾತನಾಡುತ್ತಾಳೆ’ ಎಂಬ ಹೆಸರು ಬಂದರೆ ಯಾರು ಬಂದು ಸರಿ ಮಾಡುತ್ತಾರೆ, ಸುಪ್ರೀಂ ಕೋರ್ಟೇ?

ರಾಣೆಬೆನ್ನೂರಿನವಳು

ಅಣ್ಣಾವರೇ, ‘ಬಹಳ ಮಾತನಾಡುತ್ತಾಳೆ’ ಎಂಬ ಹೆಸರು ನನಗೂ ಬಂದಿತ್ತು. ಮದುವೆ ಆಯಿತು, ಮಗಳೂ ಇದ್ದಾಳೆ. ನಮ್ಮ ಮನೆಯಲ್ಲಿ ತಟ್ಟೆ ಬೇರೆ ಇಡುವುದಿಲ್ಲ. ಅತ್ತೆಯವರೂ ಈಗ ಸುಮ್ಮನಿದ್ದಾರೆ. ಒಪ್ಪಿದ್ದಾರೆ ಎಂದು ಹೇಳಲಾರೆ, ಸುಮ್ಮನಿದ್ದಾರೆ.

ಮೂರು ಮಕ್ಕಳ ತಂದೆ

ನಿಮ್ಮ ಅದೃಷ್ಟ ಚೆನ್ನಾಗಿತ್ತು ತಂಗಿ. ಎಲ್ಲರಿಗೂ ಹಾಗಾಗುವುದಿಲ್ಲ.

ವರದಾ ತೀರದ ಟೀಚರ್

ತಂದೆಯವರು ಹೇಳಿದ ಭಯ ಸುಳ್ಳಲ್ಲ. ಅದಕ್ಕೇ ದಾರಿ ಬದಲಿಸಿದೆ. ಈಗ ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕುತ್ತಾರೆ. ಶನಿವಾರ ಒಂದು ಚೀಟಿ ತೆಗೆದು ಇಡೀ ತರಗತಿಯ ಪ್ರಶ್ನೆಯಾಗಿ ಚರ್ಚಿಸುತ್ತೇವೆ. ಯಾವ ಮಗುವಿನ ಮೇಲೂ ಬೆರಳು ಬೀಳುವುದಿಲ್ಲ.

ಇನ್ನೊಂದು, ಮಕ್ಕಳ ಗ್ರಾಮಸಭೆ. ಬಹಳ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುತ್ತದೆ. ನಮ್ಮ ಹುಡುಗಿಯರು ಅಲ್ಲಿ ಪಿಡಿಒ ಮುಂದೆ ನಿಂತು ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಶುಚಿ ಯೋಜನೆಯ ಪ್ಯಾಡ್ ಕೊಟ್ಟರೂ ಬಳಸಿದ್ದನ್ನು ಹಾಕಲು ಜಾಗವಿಲ್ಲ, ಮುಟ್ಟಿನ ದಿನ ನಾವು ಶಾಲೆ ತಪ್ಪಿಸುವುದು ಇದಕ್ಕೇ ಎಂದರು. ಮೈಕಿನಲ್ಲಿ, ಊರಿನ ಗಂಡಸರೆಲ್ಲ ಕುಳಿತಿದ್ದಾಗ. ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದರು. ನೀರು ಬಂದಿತು.

ಸಪ್ತಾಪುರದ ಬಾಡಿಗೆದಾರ

ಟೀಚರ್, ಇದು ಒಳ್ಳೆಯ ಕೆಲಸ. ಆದರೆ ಇದು ಸೌಲಭ್ಯದ ಬೇಡಿಕೆ. ಮನೆಯಲ್ಲಿ ಹೊರಗೆ ಕೂರಿಸುವ ಪೂರ್ವಗ್ರಹ ಹಾಗೆಯೇ ಉಳಿಯಿತಲ್ಲ?

ವರದಾ ತೀರದ ಟೀಚರ್

ಉಳಿಯಿತು. ಆದರೆ ಯಾವುದನ್ನು ಅಡುಗೆಮನೆಯಲ್ಲೂ ಪಿಸುಗುಟ್ಟಿ ಹೇಳಬೇಕಿತ್ತೋ ಅದು ಪಂಚಾಯಿತಿಯ ನಡಾವಳಿಯಲ್ಲಿ ಸೇರಿದೆ. ಹದಿನಾಲ್ಕು ವರ್ಷದವಳಿಗೆ ಅಜ್ಜಿಯನ್ನು ಎದುರಿಸುವುದಕ್ಕಿಂತ ಪಿಡಿಒ ಅವರನ್ನು ಪ್ರಶ್ನಿಸುವುದು ಸುಲಭ. ನಗರದವರಿಗೆ ಇದು ತಲೆಕೆಳಗಾಗಿ ಕಾಣಬಹುದು.

ಕಪ್ಪತಗುಡ್ಡದ ಗಾಳಿ

ಪ್ರಶ್ನೆ ಕೇಳುವುದರ ಬೆಲೆ ಎಂದಾಗ ಧಾರವಾಡದವರು ಎಂ.ಎಂ. ಕಲಬುರ್ಗಿ ಅವರನ್ನು ಮರೆಯಬಾರದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಕಲಿಸಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 2015ರ ಆಗಸ್ಟ್ 30ರಂದು ಕಲ್ಯಾಣ ನಗರದ ಅವರ ಮನೆ ಬಾಗಿಲಿಗೇ ಬಂದು ಗುಂಡು ಹಾರಿಸಿ ಕೊಂದರು. ಪೊಲೀಸರು ಬಂಧಿಸಿದವರಲ್ಲಿ ಶಾಲೆಯ ಮುಖ ಕಾಣದವರು ಎಷ್ಟು ಮಂದಿ ಇದ್ದರು ಎಂದು ಒಮ್ಮೆ ನೋಡಿ.

ಉಣಕಲ್ ಕೆರೆ ದಂಡೆ

ಪ್ರಕರಣ ನ್ಯಾಯಾಲಯದಲ್ಲಿದೆ. ರಾಜಕೀಯ ಬೇಡ.

ಕಪ್ಪತಗುಡ್ಡದ ಗಾಳಿ

ದಿನಾಂಕ ಹೇಳಿದರೂ ರಾಜಕೀಯವೇ? ಸರಿ, ಬಿಟ್ಟೆ.

ಬೆಟಗೇರಿ ಮಗ್ಗ

ಗದಗಿನವನಾಗಿ ಒಂದು ಮಾತು. ಇಲ್ಲಿ ಎಲ್ಲರೂ ಪಾಠದ ಬಗ್ಗೆಯೇ ಹೇಳುತ್ತಿದ್ದೀರಿ. ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಕಣ್ಣಿಲ್ಲದ ಮಗು ಹುಟ್ಟಿದರೆ ಪೂರ್ವಜನ್ಮದ ಪಾಪ, ಭಿಕ್ಷೆಯೇ ಗತಿ ಎನ್ನುತ್ತಿದ್ದ ಕಾಲದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಥ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪೂರ್ವಗ್ರಹದ ವಿರುದ್ಧ ಭಾಷಣ ಮಾಡಲಿಲ್ಲ, ಹಾರ್ಮೋನಿಯಂ ಕೈಗೆ ಕೊಟ್ಟರು. ಅಲ್ಲಿಂದ ಹೊರಬಂದವರು ವೇದಿಕೆ ಹತ್ತಿದಾಗ ಎದುರು ಕುಳಿತವರ ಅಭಿಪ್ರಾಯ ತಾನಾಗಿಯೇ ಬದಲಾಯಿತು.

ಬ್ಯಾಡಗಿ ಖಾರ

ಗವಾಯಿಗಳಿಗೆ ಕೈ ಮುಗಿಯುತ್ತೇನೆ. ಆದರೆ ಅವರ ಫೋಟೊ ಗೋಡೆಗೆ ಹಾಕಿಕೊಂಡವರ ಮನೆಯಲ್ಲೂ ಕೋಣೆ ಕೇಳಿ ನೋಡಿ. ಕಣ್ಣಿಗೆ ಜಾತಿ ಕಾಣದಿದ್ದರೆ ಏನಾಯಿತು, ಕಿವಿಗೆ ಅಡ್ಡಹೆಸರು ಕೇಳಿಸುತ್ತದೆ.

ನಿವೃತ್ತ ಮಾಸ್ತರ

ಬೆಟಗೇರಿಯವರ ಮಾತಿಗೆ ನನ್ನದೂ ಒಂದು. ಶಿಶುನಾಳದ ಷರೀಫರನ್ನು ಶಿಷ್ಯನಾಗಿ ಒಪ್ಪಿಕೊಂಡವರು ಕಳಸದ ಗೋವಿಂದ ಭಟ್ಟರು. ಊರು ಏನೆಂದೀತು ಎಂದು ಆ ಗುರು ಕಾಯಲಿಲ್ಲ. ಪಾಠಕ್ಕಿಂತ ಮೊದಲು, ಯಾರನ್ನು ಎದುರಿಗೆ ಕೂರಿಸಿಕೊಳ್ಳುತ್ತೀರಿ ಎಂಬುದರಲ್ಲೇ ಅರ್ಧ ಶಿಕ್ಷಣ ಆಗಿಹೋಗುತ್ತದೆ.

ಬ್ಯಾಡಗಿ ಖಾರ

ಮಾಸ್ತರರೇ, ಹಾವೇರಿಯವರು ಯಾವ ಚರ್ಚೆಯಲ್ಲೂ ಷರೀಫರು, ಕನಕರು, ಸರ್ವಜ್ಞರು ಎಂದು ಮೂವರನ್ನು ಎಳೆದು ತರುತ್ತೇವೆ. ಜಾತ್ರೆ ಮುಗಿಸಿ ಬಂದು ಮತ್ತೆ ‘ಯಾವ ಪೈಕಿ?’ ಎಂದೇ ಕೇಳುತ್ತೇವೆ. ಅವರನ್ನು ಸ್ವಲ್ಪ ದಿನ ವಿಶ್ರಾಂತಿಗೆ ಬಿಡೋಣ.

ಪ್ರಸಾದ ನಿಲಯದವ

ಸಮುದಾಯದ ಹಾಸ್ಟೆಲ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ವಿದ್ಯಾರ್ಥಿ ನಿಲಯ ಇವೆ. ಅಲ್ಲಿಂದಲೇ ಎಲ್ಲ ಶುರುವಾಗುತ್ತದೆ ಎನ್ನುವವರಿದ್ದಾರೆ. ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಅದಿಲ್ಲದಿದ್ದರೆ ನನ್ನಂಥವನು ಎತ್ತು ಹೊಡೆದುಕೊಂಡು ಹೊಲದಲ್ಲೇ ಇರುತ್ತಿದ್ದೆ. ಅಂಬೇಡ್ಕರ್ ಕೂಡ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿ ನಿಲಯ ಆರಂಭಿಸಿದ್ದರು. ಹಳ್ಳಿಯಿಂದ ಬಂದ ಹುಡುಗನಿಗೆ ಮೊದಲು ಬೇಕಾದದ್ದು ಅನ್ನ ಮತ್ತು ಮಲಗಲು ಜಾಗ. ಪ್ರಶ್ನೆ ಕೇಳುವುದು ಹೊಟ್ಟೆ ತುಂಬಿದ ಮೇಲೆ.

ಕೆಸಿಡಿ ಹಳೆಯ ವಿದ್ಯಾರ್ಥಿ

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹೊರಗೆ ಎಲ್ಲೂ ಕೋಣೆ ಸಿಗದವರಿಗೆ ತೆರೆದ ನಿಲಯ ಬೇರೆ, ಊರಿನ ಎಲ್ಲ ಬಾಗಿಲೂ ತೆರೆದಿದ್ದವರು ಕಟ್ಟಿಕೊಂಡ ನಿಲಯ ಬೇರೆ.

ಪ್ರಸಾದ ನಿಲಯದವ

ಎಲ್ಲ ಬಾಗಿಲೂ ತೆರೆದಿದ್ದರೆ ನಾನು ಮಠಕ್ಕೆ ಏಕೆ ಹೋಗುತ್ತಿದ್ದೆ? ಬಡತನಕ್ಕೂ ಬಾಗಿಲು ತೆರೆಯುವುದಿಲ್ಲ ಸರ್.

ಕೆಸಿಡಿ ಹಳೆಯ ವಿದ್ಯಾರ್ಥಿ

ಒಪ್ಪಿದೆ. ಹಾಗಿದ್ದರೆ ಹೇಳಿ, ನಿಮ್ಮ ಪಂಕ್ತಿಯಲ್ಲಿ ಯಾರ್ಯಾರು ಕೂರುತ್ತಿದ್ದರು?

ಪ್ರಸಾದ ನಿಲಯದವ

ಬೇರೆ ಬೇರೆಯವರು ಇದ್ದರು. ಎಲ್ಲರೂ ಇದ್ದರೇ ಎಂದು ಕೇಳಿದರೆ, ಇರಲಿಲ್ಲ.

ಅಂಕಿ ಅಂಶ

ಅನುಭವಗಳು ಸಾಕಷ್ಟು ಬಂದವು, ಸಮೀಕ್ಷೆಯೊಂದರ ಮಾತು ಹೇಳುತ್ತೇನೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಎಂದು ಒಂದಿದೆ. 2011-12ರ ಸುತ್ತಿನಲ್ಲಿ ‘ನಿಮ್ಮ ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ?’ ಎಂದು ನೇರವಾಗಿಯೇ ಕೇಳಿದ್ದರು. ಸುಮಾರು ಶೇ 27ರಷ್ಟು ಕುಟುಂಬಗಳು ಯಾವುದೋ ರೂಪದಲ್ಲಿ ಹೌದು ಎಂದವು. ತಾವಾಗಿಯೇ ಒಪ್ಪಿಕೊಂಡವರ ಲೆಕ್ಕ ಅಷ್ಟೇ ಇದು. ಅಂತರ್ಜಾತಿ ವಿವಾಹ ಶೇ 5ರ ಆಸುಪಾಸು.

ಸ್ವಾರಸ್ಯ ಇರುವುದು ಮುಂದೆ. ಅದೇ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಸಂಶೋಧಕರು ಓದಿಗೂ ಅಂತರ್ಜಾತಿ ಮದುವೆಗೂ ನಂಟು ಹುಡುಕಿದರು. ಹುಡುಗ ಹುಡುಗಿಯ ಸ್ವಂತ ಓದಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಹುಡುಗನ ತಾಯಿಯ ಓದಿನಿಂದ.

ರಾಣೆಬೆನ್ನೂರಿನವಳು

ಅಂದರೆ ಅತ್ತೆ ಶಾಲೆಗೆ ಹೋಗಿರಬೇಕು!

ಮೂರು ಮಕ್ಕಳ ತಂದೆ

ಇದು ನಂಬುವಂಥದ್ದು. ಮನೆಯಲ್ಲಿ ಕೊನೆಯ ಮಾತು ಯಾರದು ಎಂದು ಸಮೀಕ್ಷೆ ಮಾಡಿದವರಿಗೂ ಗೊತ್ತಾಯಿತಲ್ಲ.

ಮೇಲ್ಮಹಡಿ ಬಾಡಿಗೆಗೆ ಇದೆ

ನಮ್ಮ ತಾಯಿ ನಾಲ್ಕನೆಯ ತರಗತಿ. ಹಾಗಾಗಿ ತಪ್ಪು ಅವರ ಕಾಲದ ಶಾಲೆಯದು ಎಂದು ಆಯಿತು, ನನ್ನನ್ನು ಬಿಡಿ.

ಬ್ಯಾಡಗಿ ಖಾರ

ನೀವು ಎಷ್ಟನೆಯ ತರಗತಿ ಯಜಮಾನರೇ?

ಮೇಲ್ಮಹಡಿ ಬಾಡಿಗೆಗೆ ಇದೆ

ಎಂ.ಕಾಂ.

ಉತ್ತರ ಪತ್ರಿಕೆ

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋಗುವವನು ನಾನು. ಮೂಲ ಪ್ರಶ್ನೆಗೆ ನನ್ನ ಉತ್ತರ ಮೌಲ್ಯಮಾಪನ ಕೊಠಡಿಯಲ್ಲಿದೆ. ಹತ್ತನೆಯ ತರಗತಿ ಸಮಾಜ ವಿಜ್ಞಾನದಲ್ಲಿ ಸಾಮಾಜಿಕ ಸ್ತರವಿನ್ಯಾಸ ಎಂಬ ಪಾಠ ಇದೆ. ಅಸ್ಪೃಶ್ಯತೆ ನಿವಾರಣೆಗೆ ಕೈಗೊಂಡ ಕ್ರಮಗಳಾವುವು ಎಂಬುದು ಅದರ ಕಾಯಂ ಪ್ರಶ್ನೆ. ಪಾಸಾಗುವಷ್ಟು ಪ್ರಶ್ನೋತ್ತರ ಕಟ್ಟಿಕೊಡುವ ಪಾಸಿಂಗ್ ಪ್ಯಾಕೇಜಿನಲ್ಲೂ ಇರುತ್ತದೆ. 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅದನ್ನು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಗಿ ಬದಲಿಸಿದ್ದು, 1989ರ ದೌರ್ಜನ್ಯ ತಡೆ ಕಾಯ್ದೆ. ಬರೆದರೆ ಪೂರ್ತಿ ಅಂಕ. ಇಸವಿಗಳನ್ನು ಅದಲುಬದಲು ಮಾಡಿದವನಿಗೂ ಅರ್ಧ ಸಿಗುತ್ತದೆ.

ಒಬ್ಬ ಹುಡುಗನೋ ಹುಡುಗಿಯೋ ಇದಾವುದನ್ನೂ ಬರೆಯದೆ, ‘ನಮ್ಮ ಊರಿನ ಚಹದ ಅಂಗಡಿಯಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದಾರೆ. ಆ ಲೋಟ ತೆಗೆಸಬೇಕು. ಮಾಸ್ತರರೂ ಅಲ್ಲೇ ಚಹ ಕುಡಿಯುತ್ತಾರೆ, ಅವರು ಹೇಳಿದರೆ ತೆಗೆಯುತ್ತಾರೆ’ ಎಂದು ಬರೆದಿತ್ತು. ಮಾದರಿ ಉತ್ತರದಲ್ಲಿ ಲೋಟ ಇಲ್ಲ. ನಾನು ಒಂದು ಅಂಕ ಕೊಟ್ಟೆ. ಮೇಲಿನವರು ಪರಿಶೀಲಿಸುವಾಗ ಅದನ್ನು ಹೊಡೆದುಹಾಕಿದರು.

ಸಪ್ತಾಪುರದ ಬಾಡಿಗೆದಾರ

ಅಂದರೆ ನಿಜವಾದ ಕ್ರಮ ಸೂಚಿಸಿದವನಿಗೆ ಸೊನ್ನೆ, ಇಸವಿ ಬರೆದವನಿಗೆ ಪೂರ್ತಿ. ನಮ್ಮ ಕೋಣೆಯಲ್ಲಿ ಇರುವವರೆಲ್ಲ ಪೂರ್ತಿ ಅಂಕ ಪಡೆದವರು.

ಕರಿ ಕೋಟು

ಬೇರೆ ಲೋಟ ಇಡುವುದು 1955ರ ಕಾಯ್ದೆಯಡಿ ಅಪರಾಧ. ಆ ಉತ್ತರ ಒಂದು ದೂರು. ಓದಿದವರು ಯಾರೂ ಅದನ್ನು ದೂರು ಎಂದು ಓದಲಿಲ್ಲ.

ಉತ್ತರ ಪತ್ರಿಕೆ

ವಕೀಲರೇ, ಪತ್ರಿಕೆ ಯಾವ ಊರಿನದು, ಯಾವ ಶಾಲೆಯದು ಎಂಬುದು ನಮಗೆ ತಿಳಿಯುವುದಿಲ್ಲ. ಸಂಖ್ಯೆ ಮಾತ್ರ ಇರುತ್ತದೆ. ದೂರು ಕೊಡುವುದಾದರೂ ಯಾರ ಮೇಲೆ?

ಉಣಕಲ್ ಕೆರೆ ದಂಡೆ

ಇದು ಕಟ್ಟುಕತೆ ಇರಬಹುದು. ಈ ಕಾಲದಲ್ಲಿ ಎಲ್ಲ ಕಡೆ ಕಾಗದದ ಕಪ್ಪು.

ಹಾಜರಿ ಪುಸ್ತಕ

ಕಾಗದದ ಕಪ್ಪು ಯಾರಿಗೆ, ಗಾಜಿನ ಲೋಟ ಯಾರಿಗೆ ಎಂದು ಒಮ್ಮೆ ಹಳ್ಳಿಯ ಅಂಗಡಿಯಲ್ಲಿ ಕುಳಿತು ನೋಡಿ ಸರ್.

ನಿವೃತ್ತ ಮಾಸ್ತರ

ಮಾದರಿ ಉತ್ತರದ ಕೆಳಗೆ ‘ಇತರ ಸೂಕ್ತ ಉತ್ತರಗಳನ್ನೂ ಪರಿಗಣಿಸುವುದು’ ಎಂದು ಒಂದು ಸಾಲು ಸೇರಿಸಲು ಮಂಡಳಿಗೆ ಬರೆಯಬಹುದು. ನಾನು ಕರಡು ಮಾಡಿಕೊಡುತ್ತೇನೆ. ಹಾಲಿ ಶಿಕ್ಷಕರು ಸಹಿ ಹಾಕಿದರೆ ತೂಕ ಬರುತ್ತದೆ, ನಿವೃತ್ತನ ಸಹಿಗೆ ಬೆಲೆ ಇಲ್ಲ.

ಹಾಜರಿ ಪುಸ್ತಕ

ನನ್ನ ಸಹಿ ಇದೆ.

ಉತ್ತರ ಪತ್ರಿಕೆ

ಆ ಸಾಲು ಕೆಲವು ವಿಷಯಗಳಲ್ಲಿ ಈಗಲೂ ಇರುತ್ತದೆ ಮಾಸ್ತರರೇ. ಸೂಕ್ತ ಯಾವುದು ಎಂದು ತೀರ್ಮಾನಿಸುವವರು ನಾವೇ. ಆದರೂ ಬರೆಯಿರಿ, ಸಹಿ ಹಾಕುತ್ತೇನೆ.

ವರದಾ ತೀರದ ಟೀಚರ್

ನನ್ನದೂ ಸೇರಿಸಿ. ಮಂಡಳಿಯ ಉತ್ತರ ಬರುವವರೆಗೆ ಕಾಯುವುದಿಲ್ಲ, ಸೋಮವಾರದ ಕಿರುಪರೀಕ್ಷೆಯಲ್ಲಿ ‘ನಿಮ್ಮ ಊರಿನಲ್ಲಿ ಯಾರನ್ನು ಯಾರು ಬೇರೆ ಕೂರಿಸುತ್ತಾರೆ?’ ಎಂದು ಹೆಸರು ಬರೆಯದ ಹಾಳೆಯಲ್ಲಿ ಕೇಳುತ್ತೇನೆ. ಪಾಸಿಂಗ್ ಪ್ಯಾಕೇಜಿನಲ್ಲಿ ಇಲ್ಲದ ಪ್ರಶ್ನೆ ಎಂದು ಹುಡುಗರು ಗೊಣಗುತ್ತಾರೆ, ಗೊಣಗಲಿ.